ನಾಲ್ಕನೆಯವರ ಸರದಿ

ಮದುವೆ ಮನೆಯಲ್ಲಿ ಬಾಯಿಗೆ ಸ್ಯಾಕ್ಸೋಫೋನ್ ಇಟ್ಟುಕೊಂಡು ಊದದೆ ನಿಂತವನ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ತೊಂಬತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಏಳು ಮದುವೆಗಳಲ್ಲಿ ನಾನು ಹಾಗೆ ನಿಂತಿದ್ದೇನೆ. ಎದುರು ಸಾಲಿನಲ್ಲಿ ಬಾಳೆಹಣ್ಣು ಸುಲಿಯುತ್ತ ಕೂತ ಗಂಡಿನ ಕಡೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದ್ಯಾಕಪ್ಪಾ, ಈ ಯಪ್ಪ ಊದ್ತಾನೇ ಇಲ್ಲ? ಊಟಕ್ಕೆ ಮಾತ್ರ ಎಲ್ರೂ ಕೂತ್ಕೊತಾರಾ?" ಎಂದು ನನಗೆ ಕೇಳಿಸುವಂತೆಯೇ ಮಾತಾಡುತ್ತಿದ್ದರು. ಉತ್ತರ ಕೊಡೋಣವೆಂದರೆ ಬಾಯಲ್ಲಿ ಪೀಪಿ. ಅದೂ ಅಲ್ಲದೆ ಮನಸ್ಸಿನಲ್ಲಿ ಲೆಕ್ಕ ನಡೆಯುತ್ತಿತ್ತು. ಹದಿನಾರು, ಹದಿನೇಳು, ಹದಿನೆಂಟು. ನಾನು ತಾಳದ ಇಪ್ಪತ್ತನಾಲ್ಕು ಆವರ್ತ ಸುಮ್ಮನೆ ನಿಲ್ಲಬೇಕು, ಯಾಕೆಂದರೆ ನಾನು ಮೂರನೆಯವನು.

ನಮ್ಮದು ದೊಡ್ಡಬಳ್ಳಾಪುರದ ಸ್ಯಾಕ್ಸೋಫೋನ್ ಮೇಳ. ಯಜಮಾನರು ನನ್ನ ಸೋದರಮಾವ ಆದಿನಾರಾಯಣಪ್ಪ. ಅವರು ಮೊದಲು ನಾಗಸ್ವರ ಊದುತ್ತಿದ್ದವರು. ಎಂಬತ್ತೇಳರ ಸುಮಾರಿಗೆ ಮದುವೆ ಗೊತ್ತುಮಾಡಲು ಬಂದವರೆಲ್ಲ "ಆ ಹೊಳೆಯೋದು ಇಲ್ವಾ ನಿಮ್ಮತ್ರ?" ಎಂದು ಕೇಳತೊಡಗಿದ ಮೇಲೆ ಸಿಟ್ಟು ಮಾಡಿಕೊಂಡೇ ಸ್ಯಾಕ್ಸೋಫೋನ್ ಕಲಿತರು. ಮಾವ ಒಂದು, ರವಿಚಂದ್ರ ಎಂಬ ಹುಡುಗಾಟದ ಗಂಡಸು ಒಂದು, ಹಾಲಿನ ಡೇರಿಯಲ್ಲಿ ಗುಮಾಸ್ತನಾಗಿದ್ದ ನಾನು, ಅಂದರೆ ಮನೋಹರ, ಒಂದು. ಡೋಲು ಬಡಿಯಲು ಅಂಜನ್. ಇಷ್ಟು ಜನ ಸೇರಿ ಹೊಸಕೋಟೆಯಿಂದ ನೆಲಮಂಗಲದವರೆಗೆ ಸುತ್ತಮುತ್ತ ಊರುಗಳ ಮದುವೆಗಳನ್ನೆಲ್ಲ ಸುಸೂತ್ರವಾಗಿ ನಡೆಸಿಕೊಂಡು ಬರುತ್ತಿದ್ದೆವು. ಆ ಸುಖಕ್ಕೆ ಕಲ್ಲು ಹಾಕಿದವನು ರವಿಚಂದ್ರ.

ಅವನಿಗೆ ದಾಬಸ್‌ಪೇಟೆಯ ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಭಾನುವಾರ ಬಂದರೆ ಮನುಷ್ಯರ ಹಾಗೆ ಮಲಗುವುದು ಬಿಟ್ಟು ಬೆಂಗಳೂರಿಗೆ ಹೋಗಿ, ಯಾವುದೋ ಚರ್ಚಿನಲ್ಲಿ ಆರ್ಗನ್ ನುಡಿಸುವ ಮೇಷ್ಟರ ಹತ್ತಿರ ಇಂಗ್ಲಿಷ್ ಸ್ವರಲಿಪಿ ಕಲಿಯುತ್ತಿದ್ದ. ಒಂದು ದಿನ ಅಲ್ಲಿಂದ ಒಂದು ಕ್ಯಾಸೆಟ್ಟು ಮತ್ತು ಒಂದು ಕಂತೆ ಜೆರಾಕ್ಸ್ ಹಾಳೆ ಹಿಡಿದುಕೊಂಡು ಬಂದು ಮಾವನ ಪಡಸಾಲೆಯಲ್ಲಿ ಕೂತ. ಕ್ಯಾಸೆಟ್ಟು ಹಾಕಿದ. ಮಾವ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿದರು.

"ಇದೇನ್ಲಾ, ಟೇಪು ಸಿಕ್ಕಾಕ್ಕೊಂಡೈತಾ? ಹೇಳಿದ್ದನ್ನೇ ಹೇಳ್ತೈತೆ."

"ಇಲ್ಲ ಗುರುಗಳೇ. ಒಬ್ರು ಹೇಳಿದ್ದನ್ನ ಇನ್ನೊಬ್ರು ಪಂಚಮದಿಂದ ಹಿಡ್ಕೊತಾರೆ. ಅಷ್ಟೊತ್ತಿಗೆ ಮೊದಲ್ನೇವ್ರು ಬೇರೆ ಏನೋ ಹೇಳ್ತಿರ್ತಾರೆ. ಆಮೇಲೆ ಮೂರ್ನೇವ್ರು, ಆಮೇಲೆ ನಾಲ್ಕ್ನೇವ್ರು. ನಾಲ್ಕು ದನಿ, ನಾಲ್ಕೂ ಬೇರೆ ಬೇರೆ, ಆದ್ರೆ ಒಂದಕ್ಕೊಂದು ಹೊಂದ್ಕೊಂಡೇ ಓಡ್ತವೆ. ಇದಕ್ಕೆ ಫ್ಯೂಗ್ ಅಂತಾರೆ. ಮುನ್ನೂರು ವರ್ಷದ ಹಿಂದೆ ಜರ್ಮನೀಲಿ ಚರ್ಚಿನ ಮೇಷ್ಟ್ರೊಬ್ರು ಬರ್ದಿದ್ದು. ಅವ್ರಿಗೆ ಇಪ್ಪತ್ತು ಜನ ಮಕ್ಳಂತೆ."

"ಇಪ್ಪತ್ತಾ?"

"ಎರಡು ಹೆಂಡ್ತೀರಲ್ಲಿ."

ಮಾವ ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದರು. "ಸರಿ ಬಿಡು, ಅರ್ಥ ಆಯ್ತು. ಇಪ್ಪತ್ತು ಮಕ್ಳಿರೋ ಮನೇಲಿ ಎಲ್ರೂ ಒಟ್ಟಿಗೇ ಮಾತಾಡ್ತಾರೆ. ಆ ಯಪ್ಪ ಒಂದು ಮೂಲೇಲಿ ಕೂತ್ಕೊಂಡು ಅದನ್ನೇ ಬರ್ಕೊಂಡವ್ನೆ," ಎಂದರು. ಆಮೇಲೆ ನಾನು ಫ್ಯೂಗ್ ಬಗ್ಗೆ ಬಲ್ಲವರಿಂದ ಬೇಕಾದಷ್ಟು ವಿವರಣೆ ಕೇಳಿದ್ದೇನೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ರವಿಚಂದ್ರ ಕೇಳಿ ಸುಮ್ಮನಾಗುವವನಲ್ಲ. ಮೂರು ತಿಂಗಳು ಕೂತು ಅದನ್ನು ಬಿಚ್ಚಿ ಮತ್ತೆ ಕಟ್ಟಿದ. ಮೂಲದ ರಾಗವನ್ನು ತಿದ್ದಿ ಮೋಹನಕ್ಕೆ ಹತ್ತಿರ ತಂದ, ಎಳೆಯುವ ಕಡೆ ನಮ್ಮ ಗಮಕ ಸೇರಿಸಿದ, ತಾಳವನ್ನು ಡೋಲಿಗೆ ಒಗ್ಗಿಸಿದ. ಮೂಲದಲ್ಲಿ ಒಬ್ಬರ ಹಿಂದೆ ಒಬ್ಬರು ಬೇಗ ಬೇಗ ಬಂದುಬಿಡುತ್ತಾರಂತೆ. ನಮ್ಮ ಕಡೆಯ ಜನ ನಿಧಾನವಾಗಿ ಕೇಳುವವರು ಎಂದು ಇವನು ಒಬ್ಬೊಬ್ಬರ ನಡುವೆ ಹನ್ನೆರಡು ಆವರ್ತ ಬಿಟ್ಟ. ಅದರಿಂದಲೇ ನನಗೆ ಇಪ್ಪತ್ತನಾಲ್ಕು ಆವರ್ತದ ಶಿಕ್ಷೆ ಬಂದದ್ದು. ಜನ ಕೇಳುವುದು ನಿಧಾನವೋ ಬೇಗವೋ, ಮದುವೆ ಮನೆಯಲ್ಲಿ ಕೇಳುವುದೇ ಇಲ್ಲ ಎಂದು ಅವನಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು.

ನಾಲ್ಕನೆಯ ದನಿಗೆ ತಗ್ಗಿನ ಸ್ಥಾಯಿಯ ಬ್ಯಾರಿಟೋನ್ ಸ್ಯಾಕ್ಸೋಫೋನ್ ಬೇಕಿತ್ತು. ಅದು ಇಡೀ ತಾಲ್ಲೂಕಿನಲ್ಲಿ ಇದ್ದದ್ದು ಒಬ್ಬರ ಹತ್ತಿರ, ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಹನುಮಂತರಾಯಪ್ಪನವರ ಹತ್ತಿರ. ಎದೆಯಿಂದ ಮಂಡಿಯವರೆಗೆ ಬರುವ ವಾದ್ಯ. ಊರಿನವರು ಅದನ್ನು ದಪ್ಪ ಪೀಪಿ ಎನ್ನುತ್ತಿದ್ದರು. ನಾನೂ ರವಿಚಂದ್ರನೂ ಅವರ ಮನೆಗೆ ಹೋದಾಗ ಅವರು ಬನಿಯನ್ನು ಹಾಕಿಕೊಂಡು ಅವರೆಕಾಳು ಹಿಸುಕುತ್ತಿದ್ದರು. ರವಿಚಂದ್ರ ಕೊಟ್ಟ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಇದು ಮೊದಲ್ನೇವ್ರದ್ದು ಕಣಪ್ಪಾ. ಹಾಡು ಇರೋದು. ನಂದೆಲ್ಲಿ?"

"ನಿಮ್ದೂ ಅದೇ ಸಾರ್. ಮೊದಲ್ನೇವ್ರು ಹೇಳಿದ್ದನ್ನೇ ನಾಲ್ಕ್ನೇವ್ರೂ ಹೇಳ್ಬೇಕು. ಈ ಥರದ ಸಂಗೀತದಲ್ಲಿ ಎಲ್ರಿಗೂ ಹಾಡು ಬರುತ್ತೆ."

ಹನುಮಂತರಾಯಪ್ಪ ಅವರೆಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದರು. "ಮೂವತ್ತ್ನಾಲ್ಕು ವರ್ಷ ಸರ್ವೀಸು ಮಾಡಿದೀನಿ. ಪೋಂ, ಪೋಂ, ಪೋಂ, ಪೋಂ. ಅಷ್ಟೇ. ಪರೇಡಿಗೂ ಅದೇ, ಮಂತ್ರಿ ಬಂದ್ರೂ ಅದೇ, ಮಂತ್ರಿ ಸತ್ರೂ ಅದೇ. ನಂಗೊಂದು ಹಾಡು ಅಂತ ಯಾರೂ ಕೊಟ್ಟಿರ್ಲಿಲ್ಲ," ಎಂದರು. ಅವರ ಮುಖ ನೋಡಲಾಗದೆ ನಾನು ಅವರೆಕಾಳು ಹಿಸುಕಲು ಕೂತೆ.

ಆದರೆ ಒಂದು ತೊಂದರೆಯಿತ್ತು. ಅವರ ಮೇಲಿನ ಸಾಲಿನ ಮುಂದಿನ ಮೂರು ಹಲ್ಲು ಅಲ್ಲಾಡುತ್ತಿದ್ದವು. ಸ್ಯಾಕ್ಸೋಫೋನನ್ನು ಮೇಲಿನ ಹಲ್ಲಿನ ಕೆಳಗೆ ಇಟ್ಟು ಊದಬೇಕು. ಹಲ್ಲಿಲ್ಲದೆ ಅದು ನಿಲ್ಲುವುದಿಲ್ಲ. ಹಲ್ಲಿನ ಡಾಕ್ಟರು ಮೂರನ್ನೂ ಕೀಳಲೇಬೇಕೆಂದಿದ್ದರು. ಇವರು ಕಾಡಿ ಬೇಡಿ ಆಷಾಢದ ಮೊದಲ ವಾರಕ್ಕೆ ದಿನ ತೆಗೆದುಕೊಂಡಿದ್ದರು. ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ. ಅಂದರೆ ಜ್ಯೇಷ್ಠ ಮುಗಿಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಎದುರಿಗೆ ಹನುಮಂತರಾಯಪ್ಪನವರು ತಮ್ಮ ಸರದಿ ಬಂದಾಗ ತಮ್ಮ ಹಾಡು ಊದಬೇಕು. ಅಭ್ಯಾಸದಲ್ಲಿ ಊದಿದ್ದು ಲೆಕ್ಕಕ್ಕಿಲ್ಲ ಎಂದು ಅವರೇ ಹೇಳಿಬಿಟ್ಟಿದ್ದರು. ಗೋಡೆಗಳ ಎದುರಿಗೆ ಅಭ್ಯಾಸ ಮಾಡಿಯೇ ಮೂವತ್ತನಾಲ್ಕು ವರ್ಷ ಕಳೆದಿದೆಯಂತೆ.

ಇದು ದೊಡ್ಡ ವಿಷಯವೇ ಅಲ್ಲ ಎಂದು ನಾವು ತಿಳಿದಿದ್ದೆವು. ಎಷ್ಟೊಂದು ಮದುವೆಗಳಿವೆ, ಒಂದರಲ್ಲಿ ಊದಿದರಾಯಿತು. ನಾವು ಶುದ್ಧ ಬೆಪ್ಪುತಕ್ಕಡಿಗಳು.

ಮೊದಲನೆಯದು ಬೂದಿಗೆರೆಯ ಮದುವೆ. ಆರತಕ್ಷತೆಯ ಹೊತ್ತಿನಲ್ಲಿ ಮಾವ ಒಬ್ಬರೇ ಶುರು ಮಾಡಿದರು. ಉಳಿದ ಮೂವರು ಕೈಕಟ್ಟಿ ನಿಂತಂತೆ ನಿಂತಿದ್ದೆವು. ಹನ್ನೆರಡು ಆವರ್ತವಾಗಿ ರವಿಚಂದ್ರ ಸೇರಿಕೊಂಡ. ಹುಡುಗಿಯ ದೊಡ್ಡಪ್ಪ ನಗುನಗುತ್ತ ಬಂದು ಮಾವನ ಭುಜ ತಟ್ಟಿ, "ಶ್ರುತಿ ಸರಿ ಮಾಡ್ಕೊಂಡಿದ್ದು ಸಾಕು ಯಜಮಾನ್ರೇ, ಈಗ ಒಂದು ಒಳ್ಳೆ ಸಿನಿಮಾ ಹಾಡು ಬಿಡಿ," ಎಂದರು. ಮಾವ ಬಿಟ್ಟರು. ಹನುಮಂತರಾಯಪ್ಪನವರು ಆ ಸಿನಿಮಾ ಹಾಡಿಗೆ ಪೋಂ ಪೋಂ ಊದಿದರು.

ಎರಡನೆಯದು ನೆಲಮಂಗಲದ ಹತ್ತಿರದ ಒಂದು ಹಳ್ಳಿ. ಅಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಮಾವ ಊದಿದರು, ರವಿಚಂದ್ರ ಅದನ್ನೇ ಹಿಡಿದ, ಇಪ್ಪತ್ತನಾಲ್ಕು ಎಣಿಸಿ ನಾನೂ ಹಿಡಿದೆ. ಮನೆಯ ಹಿರಿಯರಾದ ಮುನಿಗಂಗಮ್ಮ ಎಂಬುವರು ನಮ್ಮನ್ನೇ ದಿಟ್ಟಿಸುತ್ತಿದ್ದವರು ಎದ್ದು ಬಂದು ನನ್ನ ಸ್ಯಾಕ್ಸೋಫೋನಿನ ಬಾಯಿಗೆ ಅಂಗೈ ಅಡ್ಡ ಇಟ್ಟರು.

"ನಿಲ್ಲಿಸ್ರಪ್ಪಾ! ಶುಭಕಾರ್ಯ ನಡೆಯೋ ಮನೇಲಿ ಇದೇನಿದು? ಆ ಹಿರಿಯ ಒಂದು ಹೇಳ್ದ್ರೆ ಈ ಹುಡುಗ ಅಣಕಿಸ್ತಾನೆ. ಅವನನ್ನ ನೀನು ಅಣಕಿಸ್ತೀಯ. ಈ ದಪ್ಪ ಪೀಪಿಯೋರು ಯಾರ ಕಡೆಗೂ ಸೇರ್ದೆ ಮುಖ ಗಂಟಾಕ್ಕೊಂಡು ನಿಂತವ್ರೆ. ನಿಮ್ಮಲ್ಲಿ ಏನು ಮನಸ್ತಾಪ?"

ಮನಸ್ತಾಪ ಇಲ್ಲ ಎಂದರೆ ಆಕೆ ನಂಬಲಿಲ್ಲ. ನಾಲ್ವರನ್ನೂ ಜಮಖಾನದ ಮೇಲೆ ಕೂರಿಸಿದರು. ಇಬ್ಬರು ಹಿರಿಯರನ್ನು ಕರೆಸಿದರು. ಅವರು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದರು. ಎಲೆ ಅಡಿಕೆ ಕೊಟ್ಟು, ಮಾವನ ಕೈಯನ್ನು ರವಿಚಂದ್ರನ ಕೈಗೆ ಹಾಕಿ, ಇನ್ನು ಮೇಲೆ ಒಂದಾಗಿರಿ ಎಂದು ಹೇಳಿದರು. "ಎಲ್ಲಿ, ಈಗ ಎಲ್ರೂ ಒಟ್ಟಿಗೆ ಒಂದೇ ಹಾಡು ಊದಿ, ನೋಡಣ," ಎಂದರು ಮುನಿಗಂಗಮ್ಮ. ಊದಿದೆವು. ಎಲ್ಲರಿಗೂ ಬಹಳ ಸಂತೋಷವಾಯಿತು.

ಆಮೇಲಿನ ನಾಲ್ಕು ಮದುವೆಗಳನ್ನು ಬಿಡಿಸಿ ಹೇಳುವುದಿಲ್ಲ. ಒಂದು ಕಡೆ ಊಟಕ್ಕೆ ಎಲೆ ಹಾಕಿದರು, ಒಂದು ಕಡೆ ಬೀಗರು ಮುನಿಸಿಕೊಂಡರು, ಒಂದು ಕಡೆ ನಮ್ಮನ್ನು ಕಂಡು ಹಸು ಹಗ್ಗ ಕಿತ್ತುಕೊಂಡಿತು, ಒಂದು ಕಡೆ ವೀಡಿಯೋದವನು ನನ್ನ ಮುಖಕ್ಕೆ ಲೈಟು ಬಿಟ್ಟು "ಅಣ್ಣಾ, ಊದೋ ಥರ ಆದ್ರೂ ಮಾಡಿ," ಎಂದ. ಪ್ರತಿಸಲವೂ ಮೂವತ್ತಾರನೆಯ ಆವರ್ತಕ್ಕೆ ಮುಂಚೆಯೇ ಹಾಡು ನಿಂತಿತು. ಪ್ರತಿಸಲವೂ ಹನುಮಂತರಾಯಪ್ಪನವರು ಉಸಿರು ಎಳೆದುಕೊಂಡು, ಹಲ್ಲಿನ ಕೆಳಗೆ ಪೀಪಿ ಹೊಂದಿಸಿಕೊಂಡು, ಮತ್ತೆ ಆ ಉಸಿರನ್ನು ಹಾಗೇ ಬಿಟ್ಟರು.

ನೀವೇ ಮೊದಲು ಶುರು ಮಾಡಿಬಿಡಿ ಎಂದು ನಾನು ಅವರಿಗೆ ಹೇಳಿಯೂ ನೋಡಿದೆ. ಅವರು ಒಪ್ಪಲಿಲ್ಲ. "ಮೂರು ಜನ ಹೇಳಾದ್ಮೇಲೆ ನಾನು ಹೇಳಿದ್ರೆ ಅದಕ್ಕೊಂದು ತೂಕ ಮನೋಹರಾ. ಮೊದಲೇ ಹೇಳ್ಬಿಟ್ರೆ ಯಾರೋ ಲಾರಿ ಹಾರನ್ನು ರಿಪೇರಿ ಮಾಡ್ತಾವ್ರೆ ಅಂತಾರೆ. ಬರ್ದಿರೋದು ಬರ್ದ ಹಾಗೇ ಆಗ್ಬೇಕು."

ಜ್ಯೇಷ್ಠದಲ್ಲಿ ಉಳಿದದ್ದು ಒಂದೇ ಮದುವೆ. ಅನುಗೊಂಡನಹಳ್ಳಿಯ ಅಪ್ಪಯ್ಯಣ್ಣನವರ ಮಗಳು ಶಾಮಲಾಳದ್ದು. ಅಪ್ಪಯ್ಯಣ್ಣ ಆ ಕಡೆ ದೊಡ್ಡ ಜಮೀನುದಾರರು, ಸಾವಿರ ಎಲೆ ಬೀಳುವ ಮದುವೆ. ಮಾವ ಖಡಾಖಂಡಿತವಾಗಿ ಹೇಳಿಬಿಟ್ಟರು. "ಅಲ್ಲಿ ಈ ಇಪ್ಪತ್ತು ಮಕ್ಕಳ ತಂದೇನ ತರಬ್ಯಾಡಿ. ಆ ಯಪ್ಪನ ದೆಸೆಯಿಂದ ನೆಲಮಂಗಲದಲ್ಲಿ ಪಂಚಾಯ್ತಿ ಕಟ್ಟೆ ಹತ್ತಿದ್ದಾಯ್ತು."

ಆಗ ಮಾತಾಡಿದವರು ಹನುಮಂತರಾಯಪ್ಪನವರು. "ಆದಿನಾರಾಯಣಪ್ಪಾ, ಹಲ್ಲು ಹೋದ್ಮೇಲೆ ಕಟ್ಟಿಸ್ಕೋಬೋದು. ಕಟ್ಟಿಸಿದ ಹಲ್ಲಲ್ಲಿ ಮುದ್ದೆ ನುಂಗಬೋದು, ಇದನ್ನ ಊದಕ್ಕಾಗಲ್ಲ ಅಂತ ಡಾಕ್ಟ್ರು ಹೇಳವ್ರೆ. ನಂಗೆ ಒಂದ್ಸಲ ಸಾಕು," ಎಂದರು. ಮಾವ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

"ಮದ್ವೇಲಿ ನಮ್ಮನ್ನ ಯಾರೂ ತಡೆಯಕ್ಕಾಗ್ದೆ ಇರೋದು ಒಂದೇ ಹೊತ್ತಲ್ಲಿ," ಎಂದು ಕೊನೆಗೆ ಅವರೇ ಹೇಳಿದರು. "ಗಟ್ಟಿಮೇಳದಾಗೆ."

ಅದು ನಿಜ. ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ" ಎಂದು ಕೂಗುತ್ತಾರೆ. ಆಗ ವಾದ್ಯಗಳೆಲ್ಲ ಒಟ್ಟಿಗೆ ಜೋರಾಗಿ ಮೊಳಗಬೇಕು. ಯಾರಾದರೂ ಸೀನಿದರೂ, ಅಪಶಬ್ದ ಆಡಿದರೂ ವಧೂವರರ ಕಿವಿಗೆ ಬೀಳಬಾರದು. ಪುರೋಹಿತರ ಕೈ ಇಳಿಯುವ ತನಕ ಯಾರು ಏನೇ ಅಂದರೂ ವಾದ್ಯ ನಿಲ್ಲುವಂತಿಲ್ಲ. ಒಬ್ಬರೇ ಊದಿದರೆ ಸೀನು ಕೇಳಿಸಿಬಿಡುತ್ತದಲ್ಲ ಎಂಬ ಪ್ರಶ್ನೆಗೆ ಅಂಜನ್ ಡೋಲು ತಟ್ಟಿ ತೋರಿಸಿದ. ಅವನು ಮನಸ್ಸು ಮಾಡಿದರೆ ಸಿಡಿಲು ಬಡಿದರೂ ಕೇಳಿಸುವುದಿಲ್ಲ. ಉಳಿದದ್ದು ಸಮಯದ ಪ್ರಶ್ನೆ. ಗಟ್ಟಿಮೇಳ ಒಂದು ನಿಮಿಷದ ಮೇಲೆ ನಡೆದದ್ದನ್ನು ನಾನು ಕಂಡಿಲ್ಲ. ನಾಲ್ಕನೆಯವರ ಸರದಿ ಬರುವ ಹೊತ್ತಿಗೆ ಎರಡೂಕಾಲು ನಿಮಿಷ ಆಗಿರುತ್ತದೆ.

"ಗಂಡಿನ ಕೈ ನಡುಗಿದ್ರೆ ಆಗ್ಬೋದು ಗುರುಗಳೇ," ಎಂದ ರವಿಚಂದ್ರ. ಅವನು ಹಾಗೆಯೇ ಹರಕೆ ಹೊತ್ತಿದ್ದ ಎಂದು ಕಾಣುತ್ತದೆ.

ಮದುವೆಯ ದಿನ ಅಪ್ಪಯ್ಯಣ್ಣನವರ ಮನೆ ಮುಂದೆ ಬೀದಿಯುದ್ದಕ್ಕೂ ಚಪ್ಪರ. ಗಂಡು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಕಂಬ ಹತ್ತಿ ತಂತಿ ಬಿಗಿದು ಬಿಗಿದು ಗಟ್ಟಿಯಾದ ಅವನ ಕೈಯ ಮೇಲೇ ನನ್ನ ಕಣ್ಣು ಬಿತ್ತು. ಇವನ ಕೈ ನಡುಗುವುದುಂಟೇ? ಹನುಮಂತರಾಯಪ್ಪನವರೂ ಅದನ್ನೇ ನೋಡುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಪಾಲಿಶ್ ಮಾಡಿದ ಪೀಪಿ. ಹಬ್ಬಕ್ಕೆ ಹೊರಟಂತೆ ಬಂದಿದ್ದರು.

ಮುಹೂರ್ತಕ್ಕೆ ಸ್ವಲ್ಪ ಮುಂಚೆ ಮಾಂಗಲ್ಯದ ತಟ್ಟೆಯನ್ನು ಜನರ ನಡುವೆ ಕಳಿಸಿದರು. ಹಿರಿಯರೆಲ್ಲ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಆಶೀರ್ವಾದ ಮಾಡಿ ಮುಂದಿನವರಿಗೆ ಕೊಡಬೇಕು. ಪುರೋಹಿತರಿಗೆ ಅದೇ ದಿನ ಹೊಸಕೋಟೆಯಲ್ಲಿ ಇನ್ನೊಂದು ಮುಹೂರ್ತ ಇತ್ತು. ಅವರು ತಟ್ಟೆಯನ್ನು ನೋಡಲಿಲ್ಲ, ಕೈಗಡಿಯಾರವನ್ನು ನೋಡುತ್ತಿದ್ದರು. ಒಂಬತ್ತು ನಲವತ್ತೆರಡು ಆಯಿತು. ಕೈ ಎತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿಯೇಬಿಟ್ಟರು.

ಅಂಜನ್ ಡೋಲಿನ ಮೇಲೆ ಬಿದ್ದ. ಮಾವ ಶುರು ಮಾಡಿದರು. ಜನ ಅಭ್ಯಾಸಬಲದಿಂದ ಕೈಯಲ್ಲಿದ್ದ ಅಕ್ಷತೆಯನ್ನೆಲ್ಲ ಒಂದೇ ಸಲಕ್ಕೆ ಎಸೆದರು. ಹುಡುಗಿಯ ಅತ್ತಿಗೆ ಜಡೆ ಎತ್ತಿ ಹಿಡಿದಳು. ಗಂಡು ಎದ್ದು ನಿಂತು ಎರಡೂ ಕೈ ಚಾಚಿದ. ಚಾಚಿದ ಕೈ ಖಾಲಿ.

ತಟ್ಟೆ ಚಪ್ಪರದ ಆ ತುದಿಯಲ್ಲಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ, ಅಪ್ಪಯ್ಯಣ್ಣನವರ ತಾಯಿ ಪಿಳ್ಳಮ್ಮನವರ ಮಡಿಲಲ್ಲಿ. ಪಿಳ್ಳಮ್ಮನವರಿಗೆ ತೊಂಬತ್ತು ದಾಟಿತ್ತು, ಕಿವಿ ಕೇಳುತ್ತಿರಲಿಲ್ಲ. ಗಟ್ಟಿಮೇಳ ಮೊಳಗುತ್ತಿರುವುದು ಅವರಿಗೆ ಗೊತ್ತೇ ಇಲ್ಲ. ಮೊಮ್ಮಗಳ ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದು ಮನೆದೇವರು, ತವರಿನ ದೇವರು, ಊರದೇವರು, ಅಕ್ಕಪಕ್ಕದ ಊರಿನ ದೇವರು ಹೀಗೆ ಒಬ್ಬೊಬ್ಬರನ್ನೇ ಕರೆದು ನಿಧಾನವಾಗಿ ಬೇಡಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ ಹಿರಿಯರ ಕೈಯಿಂದ ತಟ್ಟೆ ಕಿತ್ತುಕೊಳ್ಳುವ ಧೈರ್ಯ ಯಾರಿಗಿದೆ? ಕೂಗಿ ಹೇಳೋಣವೆಂದರೆ ಗಟ್ಟಿಮೇಳದ ನಡುವೆ ಕೂಗುವುದು ಅಪಶಕುನ, ಕೂಗಿದರೂ ಅಂಜನನ ಡೋಲು ಬಿಡುವುದಿಲ್ಲ. ಅಪ್ಪಯ್ಯಣ್ಣ ಪುರೋಹಿತರ ಕಡೆ ನೋಡಿ ಎರಡೂ ಕೈ ಆಡಿಸುತ್ತಿದ್ದರು. ಪುರೋಹಿತರು ಎತ್ತಿದ ಕೈ ಇಳಿಸುವಂತಿಲ್ಲ. ಆ ಕೈ ಸೋತು ಬಂದಾಗ ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟುಕೊಂಡು ನಿಂತರು.

ಹನ್ನೆರಡು ಆವರ್ತ. ರವಿಚಂದ್ರ ಹಿಡಿದ. ಸಾವಿರ ಜನ ಖಾಲಿ ಕೈಯಲ್ಲಿ ನಿಂತಿದ್ದರು. ಇಪ್ಪತ್ತನಾಲ್ಕಕ್ಕೆ ನಾನು ಹಿಡಿದೆ. ನನ್ನ ಜೀವನದಲ್ಲಿ ಅಷ್ಟು ಭಯದಿಂದ ಊದಿದ್ದಿಲ್ಲ. ಇನ್ನು ಹನ್ನೆರಡು ಆವರ್ತ ಆ ಮುದುಕಿ ದೇವರನ್ನು ಕರೆಯುತ್ತಿರಲಿ ಎಂದು ನಾನೂ ದೇವರನ್ನು ಕರೆದೆ. ಇಪ್ಪತ್ತೊಂಬತ್ತರಲ್ಲಿ ಅವರು ತಾಳಿಯನ್ನು ಕಣ್ಣಿಗೆ ಒತ್ತಿಕೊಂಡು ತಟ್ಟೆಯಲ್ಲಿಟ್ಟರು. ಯಾರೋ ಅದನ್ನು ಎತ್ತಿಕೊಂಡು ಓಡಿದರು. ಮೂವತ್ತೆರಡರಲ್ಲಿ ತಟ್ಟೆ ಮಂಟಪ ಹತ್ತಿತು. ಲೈನ್‌ಮನ್ನನ ಕೈ, ಹೇಳಬೇಕೇ? 'ಒಂದು, ಎರಡು, ಮೂರು' ಎನ್ನುವಷ್ಟರಲ್ಲಿ ಮೂರು ಗಂಟು ಬಿದ್ದುಬಿಟ್ಟವು. ಪುರೋಹಿತರ ಕೈ ಧೊಪ್ಪನೆ ಇಳಿಯಿತು. ನನ್ನ ಲೆಕ್ಕ ಮೂವತ್ತೈದು. ಪಕ್ಕದಲ್ಲಿ ಹನುಮಂತರಾಯಪ್ಪನವರು ಆಗತಾನೇ ಉಸಿರು ಎಳೆದುಕೊಂಡಿದ್ದರು.

ಅಂಜನ್ ಡೋಲು ನಿಲ್ಲಿಸಿದ. ಅವನದು ತಪ್ಪಲ್ಲ, ಕೈ ಇಳಿದ ಮೇಲೆ ನಿಲ್ಲಿಸುವುದೇ ಪದ್ಧತಿ. ನಾನು ಮಾವನ ಕಡೆ ನೋಡಿದೆ. ಮೂವತ್ತು ವರ್ಷದಲ್ಲಿ ಪುರೋಹಿತರ ಕೈ ಇಳಿದ ಮೇಲೆ ಮಾವ ಒಂದು ಸ್ವರ ಹೆಚ್ಚಿಗೆ ಊದಿದವರಲ್ಲ. ಮಾವ ಆ ಕೈಯನ್ನು ನೋಡಿದರು, ಹನುಮಂತರಾಯಪ್ಪನವರನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಊದುತ್ತಲೇ ಇದ್ದರು.

ಮೂವತ್ತಾರು. ಹನುಮಂತರಾಯಪ್ಪನವರು ಹಿಡಿದರು. ನಾಲ್ಕನೆಯವರು ಬಂದಾಗ ಉಳಿದವರು ತಗ್ಗಬೇಕೆಂದು ಹಾಳೆಯಲ್ಲಿ ಬರೆದಿತ್ತು, ತಗ್ಗಿದೆವು. ಡೋಲೂ ಇರಲಿಲ್ಲ. ಹಾಗಾಗಿ ಅವರ ಹಾಡು ಚಪ್ಪರದ ತುಂಬ ಹರಿಯಿತು. ಇಷ್ಟು ಹೊತ್ತು ಮಾವ ಊದಿದ, ರವಿಚಂದ್ರ ಊದಿದ, ನಾನು ಊದಿದ ಅದೇ ಹಾಡು, ಆದರೆ ಆಳದಿಂದ, ಬಾವಿಯೊಳಗಿಂದ ಯಾರೋ ಪ್ರೀತಿಯಿಂದ ಹೆಸರು ಹಿಡಿದು ಕರೆದಂತೆ. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಅಳುತ್ತ ಸ್ಯಾಕ್ಸೋಫೋನ್ ಊದಿದರೆ ಅದು ಬಾತುಕೋಳಿಯ ಹಾಗೆ ಕೇಳಿಸುತ್ತದೆ ಎಂಬುದೂ ಅಂದೇ ಗೊತ್ತಾಯಿತು.

ಆದರೆ ಮಂಟಪದಲ್ಲಿ ಬೇರೆಯೇ ನಡೆಯುತ್ತಿತ್ತು. ಗಂಡಿಗೆ ಅವನ ಸೋದರಮಾವ ಬೆಳಿಗ್ಗೆಯೇ ಪಾಠ ಹೇಳಿದ್ದರಂತೆ, "ಗಟ್ಟಿಮೇಳ ನಿಲ್ಲೋವರ್ಗೂ ತಾಳಿಯಿಂದ ಕೈ ತೆಗೀಬ್ಯಾಡ ಕಣ್ಲಾ," ಎಂದು. ಮೇಳ ನಿಲ್ಲಲಿಲ್ಲ, ಅವನು ಕೈ ತೆಗೆಯಲಿಲ್ಲ. ಕೈಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ನಾಲ್ಕನೆಯ ಗಂಟು ಹಾಕಿದ. ಐದು ಹಾಕಿದ. ಹುಡುಗಿ ಬಗ್ಗಿಸಿದ ಕತ್ತು ಎತ್ತದೆ ಏನೋ ಗೊಣಗುತ್ತಿದ್ದಳು. ಹೆಂಗಸರು ಗಟ್ಟಿಯಾಗಿ ಎಣಿಸಲು ಶುರು ಮಾಡಿದರು, "ಏಳೂ... ಎಂಟೂ..." ನಮ್ಮ ಹಾಡು ಮುಗಿಯುವ ಹೊತ್ತಿಗೆ ಅದು ಹದಿನಾಲ್ಕಕ್ಕೆ ಮುಟ್ಟಿತ್ತು, ಅರಿಸಿನ ದಾರ ಮುಗಿದುಹೋದ್ದರಿಂದ ಅಲ್ಲಿಗೆ ನಿಂತಿತು.

ಪುರೋಹಿತರು ಮಾವನನ್ನು ನುಂಗುವಂತೆ ನೋಡಿ ಹೊಸಕೋಟೆಗೆ ಓಡಿದರು. ಅಪ್ಪಯ್ಯಣ್ಣ ಬಂದು ಬೈಯುತ್ತಾರೆಂದು ನಾವು ತಲೆ ತಗ್ಗಿಸಿ ನಿಂತೆವು. ಅವರು ಬಂದವರು ನಗು ತಡೆಯಲಾರದೆ, "ಇನ್ನೇನು, ಏಳು ಜನ್ಮಕ್ಕೂ ಬಿಚ್ಚಕ್ಕಾಗಲ್ಲ ಬಿಡ್ರಿ. ಊಟ ಮಾಡಿ ಹೋಗಿ," ಎಂದರು.

ಹನುಮಂತರಾಯಪ್ಪನವರು ಮಾತ್ರ ಪೀಪಿ ಒರೆಸುತ್ತ ಮೂಲೆಯಲ್ಲಿ ಕೂತಿದ್ದರು. ರವಿಚಂದ್ರ ಓಡಿಹೋಗಿ ಕಾಲು ಮುಟ್ಟಿದ. "ಆಯ್ತಲ್ಲ ಸಾರ್! ಪೂರ್ತಿ ಆಯ್ತು!"

"ಆಯ್ತಪ್ಪಾ. ಆದ್ರೆ ಕೇಳಿದ್ದು ಯಾರು? ಎಲ್ರೂ ಗಂಟು ಎಣಿಸ್ತಿದ್ರು," ಎಂದರು. ಬೇಸರದಿಂದಲೂ ಅಲ್ಲ, ಇದ್ದದ್ದು ಹೇಳಿದರು.

ಊಟಕ್ಕೆ ಕೂತೆವು. ಎಲೆಯ ಮೇಲೆ ಒಬ್ಬಟ್ಟು ಬಿದ್ದು, ಅದರ ಮೇಲೆ ತುಪ್ಪ ಬಿದ್ದು, ನಾನು ತುತ್ತು ಮುರಿಯುವಷ್ಟರಲ್ಲಿ ಅಪ್ಪಯ್ಯಣ್ಣ ತಾಯಿಯ ಕೈ ಹಿಡಿದುಕೊಂಡು ಪಂಕ್ತಿಯ ನಡುವೆ ಬರುತ್ತಿರುವುದು ಕಂಡಿತು. ಪಿಳ್ಳಮ್ಮನವರು ಒಬ್ಬೊಬ್ಬರ ಮುಖವನ್ನೂ ಬಗ್ಗಿ ನೋಡುತ್ತ ಬಂದು ನಮ್ಮೆದುರು ನಿಂತರು. ಕಿವಿ ಕೇಳದವರು ಮಾತಾಡುವಂತೆ ಗಟ್ಟಿಯಾಗಿ ಮಾತಾಡಿದರು.

"ಹತ್ತು ವರ್ಷ ಆಯ್ತು, ಮದ್ವೆಗಳಲ್ಲಿ ಓಲಗದೋರು ಸುಮ್ನೆ ಕೆನ್ನೆ ಉಬ್ಬಿಸ್ತಾರೆ. ಊದೋದೇ ಇಲ್ಲ. ಕಾಲ ಕೆಟ್ಟೋಯ್ತು ಅಂದ್ಕೊಂಡಿದ್ದೆ. ಇವತ್ತು ಒಬ್ಬ ಊದ್ದ. ನಂಗೆ ಕೇಳಿಸ್ತು. ಇಲ್ಲಿ," ಎಂದು ಎದೆ ಮುಟ್ಟಿ ತೋರಿಸಿದರು, "ಇಲ್ಲಿ ಕೇಳಿಸ್ತು. ಯಾರವನು?"

ಎದೆಗೆ ತಾಗುವಷ್ಟು ತಗ್ಗಿನ ದನಿ ದಪ್ಪ ಪೀಪಿಯದೊಂದೇ. ನಾವು ಮೂವರೂ ಹನುಮಂತರಾಯಪ್ಪನವರ ಕಡೆ ಬೆರಳು ತೋರಿಸಿದೆವು. ಪಿಳ್ಳಮ್ಮ ಬಾಗಿ ಅವರ ಗಲ್ಲ ಹಿಡಿದರು. "ನೀನೇನಪ್ಪಾ? ಅದನ್ನ ಇನ್ನೊಂದ್ಸಲ ಊದು ಮಗಾ. ನಂಗೆ ಪೂರ್ತಿ ಕೇಳ್ಬೇಕು."

ಅರವತ್ತು ದಾಟಿದ ಹನುಮಂತರಾಯಪ್ಪನವರು ಕೈ ತೊಳೆಯಲು ಎದ್ದರು. ಪೀಪಿ ತಂದು ಕೊರಳಿಗೆ ಹಾಕಿಕೊಂಡರು. ಊದಲಿಲ್ಲ. ನಮ್ಮ ಕಡೆ ನೋಡಿದರು.

"ಏನ್ ನೋಡ್ತೀರಾ? ಏಳಿ. ನೀವು ಮೂರು ಜನ ಹೇಳ್ದೆ ನಾನು ಹೆಂಗ್ ಹೇಳ್ಲಿ?"

"ಅಣ್ಣಾ, ಆಯಮ್ಮಂಗೆ ನಮ್ದು ಕೇಳ್ಸೋದೇ ಇಲ್ವಲ್ಲ!" ಎಂದೆ ನಾನು, ಒಬ್ಬಟ್ಟನ್ನು ನೋಡುತ್ತ.

"ಕೇಳ್ಸಲಿ, ಬಿಡ್ಲಿ. ಬರ್ದಿರೋದು ಬರ್ದ ಹಾಗೇ ಆಗ್ಬೇಕು."

ಮಾವ ಮರುಮಾತಾಡದೆ ಎದ್ದರು. ರವಿಚಂದ್ರ ಎದ್ದ. ನಾನೂ ಎದ್ದೆ. ಪಂಕ್ತಿಯ ನಡುವೆ ನಿಂತು ಮಾವ ಶುರು ಮಾಡಿದರು. ಪಿಳ್ಳಮ್ಮ ಅವರ ಉಬ್ಬಿದ ಕೆನ್ನೆಯನ್ನು ಬೇಸರದಿಂದ ನೋಡಿದರು. ರವಿಚಂದ್ರನ ಕೆನ್ನೆ ಉಬ್ಬಿದಾಗ ತಲೆ ಅಲ್ಲಾಡಿಸಿದರು. ನಾನು ಪೀಪಿ ಕಚ್ಚಿಕೊಂಡು ಇಪ್ಪತ್ತನಾಲ್ಕು ಎಣಿಸಿದೆ. ಆ ದಿನ ಅದು ಉದ್ದ ಅನ್ನಿಸಲಿಲ್ಲ. ನಾನೂ ಊದಿದೆ, ಇದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಆಕೆ ನನ್ನನ್ನು ನೋಡಿ, "ಇವನೂ ಅಷ್ಟೇ," ಎಂದು ಮಗನಿಗೆ ಹೇಳಿದರು.

ಮೂವತ್ತಾರು ಮುಗಿಯಿತು. ಹನುಮಂತರಾಯಪ್ಪನವರು ಊದಿದರು. ಪಿಳ್ಳಮ್ಮ ಮಗನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, "ಹ್ಞಾ, ಈಗ ಶುರು ಮಾಡಿದ್ರು ನೋಡು," ಎಂದರು.